ಇಪ್ಪತ್ತೆಂಟು ಸೆಕೆಂಡಿನ ಆಚೆಗೆ

18,947,668,177,995,426,462,773,730.

ಶಕುಂತಲಾ ದೇವಿಯವರ ಬಗ್ಗೆ ಬರೆದವರೆಲ್ಲ ಈ ಸಂಖ್ಯೆಯನ್ನು ಅಚ್ಚು ಹಾಕಿಸುತ್ತಾರೆ, ಓದುವವರು ಮಾತ್ರ ಯಾರೂ ಇಲ್ಲ. ಕಣ್ಣು ನೆಟ್ಟಗೆ ‘28 ಸೆಕೆಂಡು’ ಎಂಬಲ್ಲಿಗೆ ಹಾರುತ್ತದೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಕಂಪ್ಯೂಟರ್ ವಿಭಾಗದವರು ಆರಿಸಿಕೊಟ್ಟ 7,686,369,774,870 ಮತ್ತು 2,465,099,745,779ನ್ನು ಬೆಂಗಳೂರಿನ ಈ ಹೆಣ್ಣುಮಗಳು ಮನಸ್ಸಿನಲ್ಲೇ ಗುಣಿಸಿ ಹೇಳಿದ ಉತ್ತರ ಇದು. ಗಿನ್ನೆಸ್ ಪುಸ್ತಕಕ್ಕೂ ಸೇರಿತು. ಆ ವೇಗವನ್ನು ಅನುಮಾನಿಸಿದವರೂ ಇದ್ದಾರೆ. ಆ ಜಗಳ ಈ ವಾರ ಬೇಡ, ನನಗೆ ಬೇಕಾದದ್ದು ಸಂಖ್ಯೆ.

ಇಪ್ಪತ್ತಾರು ಅಂಕಿ. ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲವೂ ಹಾಜರು. ಏಳಂತೂ ಆರು ಸಲ. ನಡುವೆ 426, ಪಕ್ಕದಲ್ಲೇ 462. ಈ ಜೋಡಿಯನ್ನು ನೆನಪಿಡಿ.

ಉತ್ತರ ಸರಿಯೇ ಎಂದು ನೋಡಲು ಹಳಬರ ಉಪಾಯ, ಒಂಬತ್ತನ್ನು ಕಳೆಯುತ್ತ ಹೋಗುವುದು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಒಂಬತ್ತರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡ್ಲ ಹನ್ನೆರಡು, ಅದರ ಶೇಷ 3. ಗುಣಲಬ್ಧದ ಅಂಕಿಗಳ ಮೊತ್ತ 138. ಅಲ್ಲೂ ಶೇಷ 3. ತಾಳೆಯಾಯಿತು.

ಆದರೆ ಈ ಉಪಾಯ ಅರೆಕುರುಡು. ಅಚ್ಚಿನವರು 426,462 ಬದಲು 462,426 ಎಂದು ಜೋಡಿಸಿಬಿಟ್ಟರೆ ಮೊತ್ತ ಕದಲುವುದಿಲ್ಲ, ತಪ್ಪು ನುಸುಳಿಬಿಡುತ್ತದೆ. ಅದನ್ನು ಹಿಡಿಯಲು 1001ರಿಂದ ಭಾಗಿಸಿದ ಶೇಷ ಬೇಕು. ಸಾವಿರಕ್ಕೆ ಒಂದು ಸೇರಿಸಿದರೆ 1001 ಆಗುವುದರಿಂದ, ಮೂರು ಮೂರು ಅಂಕಿಯ ಗುಂಪುಗಳನ್ನು ಬಲಗಡೆಯಿಂದ ಒಂದು ಕೂಡಿ, ಒಂದು ಕಳೆದು ಹೋದರೆ ಸಾಕು. (ನಮ್ಮ ಲಕ್ಷ–ಕೋಟಿಯ ಅಲ್ಪವಿರಾಮ ಇಲ್ಲಿ ಕೆಲಸಕ್ಕೆ ಬಾರದು; ಒಮ್ಮೆಗೆ ಇಂಗ್ಲಿಷರ ಪದ್ಧತಿಯೇ ಇರಲಿ.) ಮೊದಲ ಸಂಖ್ಯೆಗೆ ಬರುವುದು ಋಣ 214, ಎರಡನೆಯದಕ್ಕೆ ಋಣ 330. ಗುಣಿಸಿದರೆ 70,620, ಅದರಲ್ಲಿ 1001ರ ಎಪ್ಪತ್ತು ಪಟ್ಟು ಕಳೆದರೆ 550. ಗುಣಲಬ್ಧದ ಗುಂಪುಗಳನ್ನು ಹಾಗೆಯೇ ಕೂಡಿ ಕಳೆದಾಗ ಕೊನೆಗೆ ಉಳಿಯುವುದೂ 550. ಗುಂಪು ಅದಲುಬದಲಾಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿತ್ತು.

ಇಷ್ಟೇ ಆಗಿದ್ದರೆ ಗುಮಾಸ್ತಿಕೆ. 1001 ಎಂದರೆ 7, 11, 13ರ ಗುಣಲಬ್ಧ. 550ನ್ನು 11 ನಿಶ್ಶೇಷವಾಗಿ ಭಾಗಿಸುತ್ತದೆ, 7 ಮತ್ತು 13 ಭಾಗಿಸುವುದಿಲ್ಲ. ಹಾಗಾಗಿ ಇಪ್ಪತ್ತಾರು ಅಂಕಿಯ ಈ ದೈತ್ಯನೂ ಹನ್ನೊಂದರ ಮಗ್ಗಿಯಲ್ಲಿದ್ದಾನೆ; ಏಳರದರಲ್ಲಿ, ಹದಿಮೂರರದರಲ್ಲಿ ಇಲ್ಲ. ಹನ್ನೊಂದು ಬಂದದ್ದು ಎರಡನೆಯ ಸಂಖ್ಯೆಯಿಂದ. ಅದು ಹನ್ನೊಂದರ 224,099,976,889 ಪಟ್ಟು. ಮೊದಲನೆಯದು ಕೊಟ್ಟದ್ದು ಒಂದು ಎರಡು, ಒಂದು ಮೂರು, ಒಂದು ಐದು. ಎರಡು ಒಂದೇ ಸಲ ಬಂದಿರುವುದರಿಂದ ಗುಣಲಬ್ಧ ಯಾವ ಪೂರ್ಣಾಂಕದ ವರ್ಗವೂ ಅಲ್ಲ, ಘನವೂ ಅಲ್ಲ. ಲೆಕ್ಕಯಂತ್ರ ಮುಟ್ಟದೆ ಇಷ್ಟು ತಿಳಿಯಿತಲ್ಲ, ಆ 28 ಸೆಕೆಂಡಿಗಿಂತ ನನಗೆ ಇದೇ ಹೆಚ್ಚಿನ ಮೋಜು.

ಈ ಎರಡು, ಮೂರು, ಐದು, ಹನ್ನೊಂದನ್ನು ಗುಣಿಸಿದರೆ ಬರುವ 330ನ್ನು ತೆಗೆದ ಮೇಲೆ ಉಳಿಯುವುದು ಎರಡು ಹನ್ನೆರಡಂಕಿಯ ತುಂಡುಗಳು: 256,212,325,829 ಮತ್ತು 224,099,976,889. ಇವನ್ನು 17, 19, 23 ಭಾಗಿಸುವುದಿಲ್ಲ. 29ರಿಂದ ಮುಂದಕ್ಕೆ ಓದುಗರು ಕೈಹಾಕಿ. ಕಾಗದ, ಪೆನ್ಸಿಲ್ಲು, ಒಂದು ಬಿಡುವಾದ ಭಾನುವಾರ ಇದ್ದರೆ ಸಾಕು.