ಗೋಧಿಯ ನಡುವಿನ ಕಳೆ

ಮಲ್ಲೇಶ್ವರಂನವರಿಗೆ ಪ್ರಗತಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರು ಅಗಲ ರಸ್ತೆ, ಗಾಳಿ, ಬೆಳಕು ಅರಸಿ ಬಂದು ಬೆಳೆಸಿದ ಬಡಾವಣೆ ಇದು. ಇದರ ಮಗ್ಗುಲಲ್ಲೇ 1909ರಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆ, ಟಾಟಾ ಇನ್‌ಸ್ಟಿಟ್ಯೂಟ್ ಇದೆ. ಪಶ್ಚಿಮ ಭಾಗದಲ್ಲಿ, ಪಾದ್ರಿಗಳಾಗುವವರು ಓದುವ ಸಂತ ಪೇತ್ರರ ಗುರುಮಠವಿದೆ. ಪ್ಯಾರಿಸ್ ವಿದೇಶಿ ಮಿಷನ್ನಿನ ಪಾದ್ರಿಗಳು 1778ರಲ್ಲಿ ಪಾಂಡಿಚೇರಿಯಲ್ಲಿ ಆರಂಭಿಸಿದ ಈ ಗುರುಮಠ 1934ರಲ್ಲಿ ಬೆಂಗಳೂರಿಗೆ ಬಂತು. ವಿಜ್ಞಾನವೂ ಧರ್ಮವೂ ಹೀಗೆ ನೆರೆಯಲ್ಲಿರುವಾಗ ಒಂದು ಪ್ರಶ್ನೆ ಏಳುತ್ತದೆ: ತಿಳಿವಳಿಕೆ ಹೆಚ್ಚಿದಷ್ಟೂ ಮನುಷ್ಯ ಒಳ್ಳೆಯವನಾಗುತ್ತಾನೆಯೇ? ಈ ಪ್ರಶ್ನೆಯನ್ನು ಕ್ರೈಸ್ತ ಪರಂಪರೆ ಎದುರಿಸಿದ ಬಗೆಯಲ್ಲಿ ಅದರ ಒಳನೋಟವೂ, ಆ ಒಳನೋಟಕ್ಕೆ ಅದೇ ಬಗೆದ ದ್ರೋಹವೂ ಒಟ್ಟಿಗೇ ಕಾಣುತ್ತವೆ.

ಕಾಲ ಕೆಟ್ಟಿತು ಎನ್ನುವುದು ನಮ್ಮಲ್ಲಿ ಕಲಿಯುಗದ ಮಾತು. ಕ್ರೈಸ್ತ ಚಿಂತನೆಯ ಬುಡದಲ್ಲಿ ಆ ಮಾತಿಗೆ ಆಸರೆಯಿಲ್ಲ. 410ರಲ್ಲಿ ರೋಮ್ ಸೂರೆಯಾದಾಗ ಹಳೆಯ ದೇವತೆಗಳನ್ನು ಬಿಟ್ಟದ್ದಕ್ಕೇ ಈ ಗತಿ ಎಂದು ಜನ ದೂರಿದರು. ಸಂತ ಅಗಸ್ಟೀನ್ ‘ದೇವನಗರ’ ಬರೆದು ಉತ್ತರಿಸಿದ: ಹಿಂದಿನ ರೋಮ್ ಕೂಡ ಪುಣ್ಯಭೂಮಿಯಾಗಿರಲಿಲ್ಲ. ಮತ್ತಾಯನ ಶುಭಸಂದೇಶದ ಸಾಮತಿಯಲ್ಲಿ ಗೋಧಿಯೂ ಕಳೆಯೂ ಸುಗ್ಗಿಯವರೆಗೆ ಒಂದೇ ಹೊಲದಲ್ಲಿ ಬೆಳೆಯುತ್ತವೆ. ಇದರಷ್ಟು ನಿಷ್ಠುರವಾದ ಇತಿಹಾಸದೃಷ್ಟಿ ಅಪರೂಪ. ಅದು ಪ್ರಗತಿಯ ಭಜನೆಯನ್ನೂ ಒಪ್ಪುವುದಿಲ್ಲ, ಕಳೆದ ಕಾಲದ ಹಂಬಲವನ್ನೂ ಒಪ್ಪುವುದಿಲ್ಲ.

ಆದರೆ ಕಥೋಲಿಕ ಧರ್ಮಸಭೆ ಈ ಎತ್ತರದಲ್ಲಿ ನಿಲ್ಲಲಿಲ್ಲ. 1864ರಲ್ಲಿ ಪೋಪ್ ಒಂಬತ್ತನೇ ಪಿಯುಸ್ ಹೊರಡಿಸಿದ 80 ತಪ್ಪುಗಳ ಪಟ್ಟಿಯಲ್ಲಿ, ಪೋಪ್ ಆದವರು ಪ್ರಗತಿಯೊಂದಿಗೆ ರಾಜಿಯಾಗಬೇಕೆಂಬ ಅಭಿಪ್ರಾಯವೇ ಕೊನೆಯ ತಪ್ಪು. ಅಲ್ಲಿ ಅಗಸ್ಟೀನನ ದನಿಯಿಲ್ಲ, ಅಧಿಕಾರ ಕಳೆದುಕೊಳ್ಳುವವರ ಭಯವಿದೆ. ಆಧುನಿಕ ಜಗತ್ತಿನೊಂದಿಗೆ ಮನಸ್ಸು ಬಿಚ್ಚಿ ಮಾತಾಡಲು 1965ರಲ್ಲಿ ಮುಗಿದ ಎರಡನೇ ವ್ಯಾಟಿಕನ್ ಮಹಾಸಭೆಯೇ ಬರಬೇಕಾಯಿತು.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಬೇರೊಂದು ಚಿಂತನೆ ಕುದಿಯುತ್ತಿತ್ತು. ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ 1957ರಲ್ಲಿ ಇಲ್ಲಿ ಕ್ರೈಸ್ತ ಸಂಸ್ಥೆಯೊಂದನ್ನು ಕಟ್ಟಿದವರು ಪಿ.ಡಿ. ದೇವನಂದನ್ ಮತ್ತು ಎಂ.ಎಂ. ಥಾಮಸ್. ಸ್ವಾತಂತ್ರ್ಯ, ಯಂತ್ರ, ಕೆಳಗಿನವರು ತಲೆಯೆತ್ತಿ ನಿಲ್ಲುವುದು, ಇವೆಲ್ಲದರಲ್ಲೂ ಥಾಮಸ್ ದೇವರ ಕೈ ಕಂಡರು. ಜೊತೆಗೇ, ತಾನೇ ಸರಿ ಎಂಬ ಅಹಂಕಾರ ಪ್ರತಿ ಕ್ರಾಂತಿಯನ್ನೂ ಒಳಗಿಂದ ಕೊಳೆಸುತ್ತದೆ ಎಂದೂ ಎಚ್ಚರಿಸಿದರು. ತುರ್ತುಪರಿಸ್ಥಿತಿಯಲ್ಲಿ ಬಹಳ ಮಂದಿ ಬಾಯಿಗೆ ಬೀಗ ಹಾಕಿಕೊಂಡಿದ್ದಾಗ ಅವರು ಬಹಿರಂಗವಾಗಿ ವಿರೋಧಿಸಿದ್ದು ಈ ನಂಬಿಕೆಯಿಂದಲೇ. ಕ್ರೈಸ್ತ ಪರಂಪರೆ ನಮ್ಮ ನಾಡಿಗೆ ಕೊಟ್ಟ ಅತ್ಯುತ್ತಮ ಚಿಂತನೆ ಇದು ಎಂದು ನಾನು ನಂಬುತ್ತೇನೆ. ಆದರೂ ದೊಡ್ಡ ಕೈಗಾರಿಕೆ, ದೊಡ್ಡ ಅಣೆಕಟ್ಟಿನ ಬಗ್ಗೆ ಆ ತಲೆಮಾರಿಗಿದ್ದ ಭರವಸೆಯಲ್ಲಿ ಕಾಡು, ಕೆರೆ, ನೆಲಗಳ ನೋವಿಗೆ ಜಾಗ ಕಡಿಮೆಯಿತ್ತು. ಆ ಕೊರತೆಯನ್ನು ನೇರವಾಗಿ ಎತ್ತಿದ್ದು ಪೋಪ್ ಫ್ರಾನ್ಸಿಸ್ಸರ 2015ರ ‘ಲೌದಾತೊ ಸೀ’ ಪತ್ರ.

ನನ್ನ ನಿಜವಾದ ತಕರಾರು ಜಾತಿಯದು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗೆ ಮಗ್ಗ ಕೊಟ್ಟಿತು, ಹೆಂಚಿನ ಕಾರ್ಖಾನೆ ಕಟ್ಟಿತು. ನೀತಿಯ ಮಾತಿಗೆ ಅಲ್ಲಿ ಅನ್ನದ ಜೊತೆಯಿತ್ತು. ಪಾಂಡಿಚೇರಿ ಸೀಮೆಯ ಕಥೋಲಿಕ ಚರ್ಚುಗಳಾದರೋ ಜಾತಿಗೊಂದು ಜಾಗವನ್ನು ಬಹುಕಾಲ ಸಹಿಸಿಕೊಂಡವು. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ ಎಂದು ಧರ್ಮಸಭೆ ಹೋರಾಡುತ್ತಿರುವುದು ನ್ಯಾಯವೇ. ಆದರೆ ತನ್ನೊಳಗಿನ ತಾರತಮ್ಯವನ್ನು ಒಪ್ಪಿ, ದಲಿತರ ಸಬಲೀಕರಣಕ್ಕೆ ಭಾರತದ ಕಥೋಲಿಕ ಬಿಷಪರು ನೀತಿಯೊಂದನ್ನು ಪ್ರಕಟಿಸಿದ್ದು 2016ರ ಡಿಸೆಂಬರಿನಲ್ಲಿ. ತಮಿಳುನಾಡಿನ ಕೆಲವೆಡೆ ಸಮಾಧಿ ಭೂಮಿಯೂ ಜಾತಿಯಂತೆ ಪಾಲಾಗಿದೆ. ಗುರುಮಠದಲ್ಲಿ ನೀತಿಶಾಸ್ತ್ರ ಓದಿ ಧರ್ಮಕೇಂದ್ರಕ್ಕೆ ಹೋಗುವ ಯುವ ಪಾದ್ರಿ, ಸಿನಿಮಾ, ಮೊಬೈಲು, ಹುಡುಗಿಯರ ಉಡುಪಿನ ಮೇಲೆ ಪ್ರಬೋಧನೆ ಕೊಡುವ ಮೊದಲು ಜಾತಿಯ ಈ ಗೋಡೆಯ ಬಗ್ಗೆ ಮಾತಾಡಲಿ. ತನ್ನ ಮುಂದೆ ಕೂತವರಲ್ಲಿ ಅರ್ಧದಷ್ಟು ಜನ ಎದ್ದುಹೋದರೂ ಮಾತಾಡಲಿ.