ಅಂತರಗ್ನಿಯಿಂದ ಜಗ್ ಚಂಗಾದ ಕಡೆಗೆ

ಹಾಡುವವನು ತನ್ನ ಹಾದಿಯನ್ನು ಬದಲಿಸಿದಾಗ ಕೇಳುವವರಲ್ಲಿ ಒಡಕು ಹುಟ್ಟುವದು ಹೊಸ ಸಂಗತಿಯಲ್ಲ. 1965ರಲ್ಲಿ ಅಮೇರಿಕೆಯ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಬಾಬ್ ಡಿಲನ್ನನು ವಿದ್ಯುತ್ ಗಿಟಾರನ್ನು ಕೊರಳಿಗೆ ಹಾಕಿಕೊಂಡು ನಿಂತಾಗ ಸಭೆಯ ಒಂದು ಭಾಗವು ಕೂಗೆಬ್ಬಿಸಿತು. ಜನಪದರ ಹಾಡು ಗದ್ದಲದಲ್ಲಿ ಮುಳುಗಿತೆಂಬದು ಅವರ ಅಳಲು. ನಮ್ಮಲ್ಲಿಯ ಮಾತು ಇದಕ್ಕೆ ತಿರುವುಮುರುವಾಗಿದೆ. ಇಲ್ಲಿ ಶಿಶುನಾಳ ಶರೀಫಸಾಹೇಬರ ಪದವು ರಾಕ್ ಸಂಗೀತದ ಗದ್ದಲದೊಳಗೆ ಹೊಕ್ಕು, ಅಲ್ಲಿ ತನ್ನ ತೂಕವನ್ನು ಕಾಯ್ದುಕೊಂಡಿತು. ಗದ್ದಲವು ಇಳಿದು ಹಾಡು ನಯವಾದ ಮೇಲೆಯೇ ಆ ತೂಕವು ಕಡಿಮೆಯಾಯಿತು. ಹೀಗೇಕಾಯಿತೆಂಬದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ಮಾತು ರಘು ದೀಕ್ಷಿತರ ತಂಡದ್ದು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಕಲಿತು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಈ ಗಾಯಕರು 1990ರ ದಶಕದ ಕೊನೆಯಲ್ಲಿ ಪಿಟೀಲುವಾದಕ ಎಚ್. ಎನ್. ಭಾಸ್ಕರರೊಡನೆ 'ಅಂತರಗ್ನಿ' ಎಂಬ ತಂಡವನ್ನು ಕಟ್ಟಿದರು. ಆ ತಂಡವು ಚದುರಿದ ಬಳಿಕ, ವಾದಕರು ಬಂದು ಸೇರಿ ಹೋಗಲು ಅನುಕೂಲವಾಗುವಂತೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಸಡಿಲಾದ ಹೆಸರನ್ನಿಟ್ಟುಕೊಂಡರು. 2008ರಲ್ಲಿ, ಹಿಂದೀ ಚಿತ್ರಗಳ ಸಂಗೀತಗಾರರಾದ ವಿಶಾಲ್ ಮತ್ತು ಶೇಖರರ ಸಂಸ್ಥೆಯಿಂದ ಮೊದಲನೆಯ ಆಲ್ಬಮ್ ಹೊರಬಂದಿತು. ಅದರ ಹೆಸರೂ 'ಅಂತರಗ್ನಿ'. ಎರಡನೆಯದಾದ 'ಜಗ್ ಚಂಗಾ' 2013ರಲ್ಲಿಯೂ, ಮೂರನೆಯದಾದ 'ಶಕ್ಕರ್' 2023ರಲ್ಲಿಯೂ ಬಂದವು. ಒಳಗಿನ ಬೆಂಕಿಯಿಂದ ಹೊರಟು, ಜಗವೆಲ್ಲ ಚೆಂದವೆಂಬ ಪಂಜಾಬೀ ಮಾತನ್ನು ಹಾಯ್ದು, ಸಕ್ಕರೆಯ ವರೆಗೆ ಬಂದ ಈ ಹೆಸರುಗಳ ಸಾಲನ್ನು ನೋಡಿ ತೀರ್ಪು ಕೊಡುವದು ಸುಲಭ. ಹೆಸರಿನಿಂದ ಹಾಡನ್ನು ಅಳೆಯಬಾರದು. ಆದರೂ ತಿರುವು ಎಲ್ಲಿ ಆಯಿತೆಂಬದನ್ನು ಹೆಸರೇ ತೋರಿಸಿ ಕೊಡುವದರಿಂದ, ಮೂರನೆಯದನ್ನು ಬದಿಗಿಟ್ಟು ಮೊದಲೆರಡನ್ನೇ ಇಲ್ಲಿ ಎದುರುಬದುರಾಗಿ ಇಟ್ಟುಕೊಂಡಿದ್ದೇವೆ.

ಭೀಮರಾಯನಗುಡಿಯಲ್ಲಿ ಕುಳಿತು ಇದನ್ನು ವಿಚಾರಿಸಲು ಒಂದು ಕಾರಣವುಂಟು. ಕೃಷ್ಣಾ ಮೇಲ್ದಂಡೆ ಯೋಜನೆಯ ಸಲುವಾಗಿ ನಾಡಿನ ನಾನಾ ಕಡೆಯ ಮನೆತನಗಳು ಬಂದು ನೆಲೆಸಿದ ಈ ಊರಲ್ಲಿ ಶರೀಫರ ಪದವನ್ನು ಎರಡು ಬಗೆಯಾಗಿ ಕೇಳುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಬಂದ ಹಿರಿಯರಿಗೆ ಅದು ಏಕತಾರಿ, ದಮ್ಮಡಿ, ತಾಳಗಳ ಭಜನೆಯ ಪದ. ಇಲ್ಲಿಯ ಕೃಷಿ ಮಹಾವಿದ್ಯಾಲಯದ ಹುಡುಗರಿಗೆ ಅದು ಮೊಬೈಲಿನಲ್ಲಿ ಗಿಟಾರಿನೊಡನೆ ಕೇಳಿಬರುವ ಪದ. ಎಷ್ಟೋ ತರುಣರಿಗೆ ಶರೀಫರ ಪರಿಚಯವಾದದ್ದೇ ಈ ಎರಡನೆಯ ಬಾಗಿಲಿನಿಂದ. ಆದಕಾರಣ ಆ ಬಾಗಿಲು ಯಾವ ಕಡೆಗೆ ತೆರೆಯುವದೆಂಬದು ನಮ್ಮಂಥ ಮನೆಗಳಿಗೆ ಸಂಬಂಧಿಸಿದ ಮಾತಾಗಿದೆ.

ಮೊದಲಿಗೆ ಒಂದು ಹಳೆಯ ಆಕ್ಷೇಪವನ್ನು ತೀರಿಸಿಬಿಡುವದು ಒಳ್ಳೇದು. ತತ್ವಪದಕ್ಕೆ ಪರದೇಶದ ವಾದ್ಯ ಸಲ್ಲದೆಂದು ಕೆಲವರು ಹೇಳುತ್ತಾರೆ. ಹೀಗೆನ್ನುವವರ ಮನೆಯ ಭಜನೆಯಲ್ಲಿ ಹಾರ್ಮೋನಿಯಂ ಇರುವದು. ಅದು ಯುರೋಪಿನಿಂದ ಬಂದದ್ದೆಂಬದು ಅವರ ನೆನಪಿನಲ್ಲಿರುವದಿಲ್ಲ. ಶರೀಫರನ್ನು ಮೈಸೂರು ಸೀಮೆಯ ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥ ಮತ್ತು ಶಿವಮೊಗ್ಗ ಸುಬ್ಬಣ್ಣನವರು ಹಾಡಿದ್ದಾದರೂ ಭಜನೆಯ ಮೇಳದೊಡನೆ ಅಲ್ಲ. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಅಶ್ವತ್ಥರು ಕೊಟ್ಟ ಸಂಗೀತವು ಸುಗಮಸಂಗೀತದ ಕಟ್ಟಿನದು. ಅದನ್ನು ಒಪ್ಪಿಕೊಂಡವರು ಗಿಟಾರನ್ನು ಮಾತ್ರ ಹೊರಗಿಡುವದಕ್ಕೆ ನ್ಯಾಯವಾದ ಕಾರಣವು ನಮಗೆ ಕಾಣುವದಿಲ್ಲ.

ಅಷ್ಟೇ ಅಲ್ಲ, ತತ್ವಪದದ ಕಟ್ಟಡಕ್ಕೂ ರಾಕ್ ಹಾಡಿನ ಕಟ್ಟಡಕ್ಕೂ ಒಂದು ಹತ್ತಿರದ ನಂಟುಂಟು. ಎರಡರಲ್ಲಿಯೂ ಪಲ್ಲವಿಯೇ ಗೂಟ. ಮುಂದಾಳು ಒಂದು ನುಡಿಯನ್ನು ಹೇಳಿ ಬರುವನು, ಮೇಳದವರು ಪಲ್ಲವಿಯನ್ನು ಎತ್ತಿ ಅವನನ್ನು ಗೂಟಕ್ಕೆ ಕಟ್ಟುವರು. ಎರಡರಲ್ಲಿಯೂ ಲಯವು ಮೊದಲಿನಿಂದ ಕೊನೆಯ ವರೆಗೆ ಒಂದೇ ಸಮನೆ ನೆಲವನ್ನು ಗುದ್ದುತ್ತಿರುವದು. ರಾಗದ ವಿಸ್ತಾರಕ್ಕೆ ಎರಡರಲ್ಲಿಯೂ ಎಡೆಯಿಲ್ಲ, ಅವಶ್ಯವೂ ಇಲ್ಲ. ಮಾತನ್ನು ಹೊತ್ತುಕೊಂಡು ಹೋಗಲು ಬೇಕಾದಷ್ಟೇ ರಾಗ. ಈ ನಂಟನ್ನು 'ಅಂತರಗ್ನಿ'ಯ ಕಾಲದ ತಂಡವು ಕಂಡುಕೊಂಡಿತು. ಇದು ಸಣ್ಣ ಮಾತಲ್ಲ.

ಆ ಆಲ್ಬಮ್ಮಿನಲ್ಲಿ ಕನ್ನಡ, ಹಿಂದೀ, ಇಂಗ್ಲಿಷ್ ಮೂರೂ ಭಾಷೆಯ ಹಾಡುಗಳಿವೆ. ಮುಂಬಯಿಯ ಸಂಸ್ಥೆಯ ಪೇಟೆಯನ್ನು ನೋಡಿದರೆ ಇದು ಸಹಜ. ಆ ಹಿಂದೀ ಹಾಡುಗಳಲ್ಲಿ ಕೆಲವು ಕಿವಿಗೆ ಹಿತವಾಗಿವೆ, ಹೆಚ್ಚು ಹೇಳುವಂಥದಿಲ್ಲ. ತೂಕವಿರುವದು ಶರೀಫರ ಎರಡು ಪದಗಳಲ್ಲಿ: ಗುಡುಗುಡಿಯ ಪದ ಮತ್ತು ಸೋರುವ ಮಾಳಿಗೆಯ ಪದ.

ಗುಡುಗುಡಿಯ ಪದದಲ್ಲಿ ಶರೀಫರು ಹೊಗೆಬತ್ತಿಯವರ ಚಟವನ್ನೇ ಎತ್ತಿಕೊಂಡು ಅದನ್ನು ತಲೆಕೆಳಗು ಮಾಡುತ್ತಾರೆ. ಸೇದಿ ಸುಡಬೇಕಾದದ್ದು ಮೋಹವೆಂಬ ಭಂಗಿ, ಮೇಲೆ ಹಚ್ಚಬೇಕಾದದ್ದು ಬುದ್ಧಿಯೆಂಬ ಬೆಂಕಿ. ಇಂಥ ಪದಕ್ಕೆ ಗಡಸು ಗಿಟಾರು ಒಪ್ಪುವದೆಂದು ಕೇಳುವ ಮುಂಚೆ ಯಾರೂ ನಂಬಲಾರರು. ಆದರೆ ಎಳೆದೆಳೆದು ಕುದಿಯುವ ಆ ಗಿಟಾರಿನ ನಾದವೂ, ಗಂಟಲು ಬಿರಿಯುವಂತೆ ಎತ್ತಿದ ದೀಕ್ಷಿತರ ದನಿಯೂ ಸೇರಿ, ಒಳಗೆ ಏನೋ ಉರಿಯುತ್ತಿದೆಯೆಂಬ ಭಾಸವನ್ನು ನಿಜವಾಗಿ ಹುಟ್ಟಿಸುತ್ತವೆ. ಇಲ್ಲಿ ವಾದ್ಯವು ಅರ್ಥದ ಕೆಲಸವನ್ನು ಮಾಡಿದೆ.

ಮಾಳಿಗೆಯ ಪದವು ಇದಕ್ಕಿಂತಲೂ ಮೇಲಾದದ್ದು. ಶಹಾಪುರ ಸುರಪುರಗಳ ಕಡೆಯವರಿಗೆ ಆ ಪದದ ಮಾಳಿಗೆಯು ಅಲಂಕಾರದ ಮಾತಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹಾಕಿಸದಿದ್ದರೆ ಏನಾಗುವದೆಂಬದನ್ನು ಮಣ್ಣಿನ ಮಾಳಿಗೆಯ ಕೆಳಗೆ ರಾತ್ರಿ ಪಾತ್ರೆಗಳನ್ನಿಟ್ಟುಕೊಂಡು ಕುಳಿತವರೇ ಬಲ್ಲರು. ಹುಳುಕು ಹಿಡಿದ ಜಂತಿ, ಮುರಿದ ತೊಲೆ, ಕತ್ತಲೆ, ಮೇಲೆ ಹತ್ತಿ ಸರಿಪಡಿಸಲು ಕಾಲಿಗೆ ಬಲವಿಲ್ಲದವನ ದಿಗಿಲು, ಇವೆಲ್ಲ ಆ ಪದದಲ್ಲಿವೆ. ಸೋರಿಕೆಗೆ ಕಾರಣವು ಅಜ್ಞಾನವೆಂದು ಅವರು ಮೊದಲಿಗೇ ಹೇಳಿಬಿಡುತ್ತಾರೆ. ದೀಕ್ಷಿತರು ಇದನ್ನು ನಿಧಾನವಾಗಿ, ನುಡಿ ನುಡಿಗೂ ಎಡೆ ಬಿಟ್ಟು ಹಾಡುತ್ತಾರೆ. ಮನೆಯನ್ನು ಮನಿಯೆಂದೂ ಮಾಳಿಗೆಯನ್ನು ಮಾಳಿಗಿಯೆಂದೂ ಉತ್ತರದ ಉಚ್ಚಾರವನ್ನೇ ಇಟ್ಟುಕೊಂಡಿದ್ದಾರೆ. ಮೈಸೂರಿನ ನಾಲಗೆಗೆ ಇದು ಸ್ವಲ್ಪ ತೊಡಕಿನದಾದರೂ ಗೌರವದಿಂದ ಮಾಡಿದ ಕೆಲಸ. ಎಡೆಯೇ ಆ ಹಾಡಿನ ಜೀವ. ಒಂದು ಹನಿ ಬಿದ್ದು ಮತ್ತೊಂದು ಹನಿ ಬೀಳುವ ತನಕ ಮನೆಯಲ್ಲಿ ಇರುವ ಮೌನದಂತೆ ಅದು ಇದೆ.

ಇನ್ನು 2008ಕ್ಕೂ 2013ಕ್ಕೂ ನಡುವೆ ಏನು ನಡೆಯಿತೆಂಬದನ್ನು ನೋಡಬೇಕು. 2010ರಲ್ಲಿ ಈ ತಂಡವು ಬಿ.ಬಿ.ಸಿ.ಯಲ್ಲಿ ಜೂಲ್ಸ್ ಹಾಲೆಂಡರು ನಡೆಸುವ ಪ್ರಖ್ಯಾತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿಯ ಉತ್ಸವದಲ್ಲಿ ಹಾಡಿತು. ಅದೇ ವರುಷ ಲಂಡನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆಯು ಹೊಸಬರಿಗೆ ಕೊಡುವ ಪ್ರಶಸ್ತಿಯನ್ನು ಇವರಿಗೆ ಕೊಟ್ಟಿತು. ಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಇಂಗ್ಲಂಡಿನ ಬಯಲಿನಲ್ಲಿ ನೆರೆದ ಜನರ ಮುಂದೆ ಶರೀಫರ ಪದವನ್ನು ಎತ್ತಿದ ಕನ್ನಡಿಗನ ಧೈರ್ಯವನ್ನು ನಾವು ಮೆಚ್ಚದೆ ಇರಲಾರೆವು. ಆದರೆ ಒಂದು ಗಳಿಗೆ ಆ ಗಾಯಕನ ಸ್ಥಾನದಲ್ಲಿ ನಿಂತು ನೋಡಬೇಕು. ಎದುರಿಗೆ ಇರುವವರಲ್ಲಿ ಹಾಡಿನ ಒಂದು ಶಬ್ದವನ್ನಾದರೂ ಬಲ್ಲವರು ಇಲ್ಲವೇ ಇಲ್ಲವೆನ್ನಬಹುದು. ಅವರನ್ನು ಹಿಡಿಯಲು ಅವನ ಕೈಯಲ್ಲಿ ಉಳಿದದ್ದೇನು? ಲಯ, ಮೈ, ನಗೆಮೊಗ, ಎಲ್ಲರೂ ಕೂಡಿ ಕೂಗಬಹುದಾದ ಪಲ್ಲವಿ. ನುಡಿಯು ಅಲ್ಲಿ ಕೆಲಸಕ್ಕೆ ಬಾರದು. ವರುಷಗಟ್ಟಲೆ ಇಂಥ ಬಯಲುಗಳಲ್ಲಿ ಹಾಡಿದವನ ಹಾಡು ಮೆಲ್ಲಮೆಲ್ಲನೆ ಆ ಬಯಲಿನ ಆಕಾರವನ್ನು ಪಡೆಯುವದು. ಇದಕ್ಕೆ ದುರಾಸೆಯೆನ್ನುವದು ಅನ್ಯಾಯ. ರುಚಿ ಕೆಟ್ಟಿತೆನ್ನುವದೂ ಸರಿಯಲ್ಲ. ಕೇಳುವವನು ಬದಲಾದನು, ಅದರಿಂದ ಹಾಡು ಬದಲಾಯಿತು.

ಮೊದಲನೆಯ ಆಲ್ಬಮ್ಮಿನ ಕಾಲಕ್ಕೂ ಬೆಂಗಳೂರು ಮುಂಬಯಿಗಳಲ್ಲಿ ಕನ್ನಡವನ್ನರಿಯದ ಕೇಳುಗರೇ ಬಹಳವಿದ್ದರಲ್ಲವೇ ಎಂದು ಕೇಳಬಹುದು. ಇದ್ದರು. ಆದರೆ ಆಗಿನ ಗಾಯಕನು ಯಾರ ಪರಿಚಯವೂ ಇಲ್ಲದ ಮನುಷ್ಯ. ತನಗೆ ತಾನೇ ಹಾಡಿಕೊಳ್ಳುವ ಸ್ವಾತಂತ್ರ್ಯ ಅವನಿಗಿದ್ದಿತು. ಜನವು ತನಗಾಗಿ ಕಾದು ನಿಂತಿದೆಯೆಂದು ತಿಳಿದ ಮೇಲೆ ಆ ಸ್ವಾತಂತ್ರ್ಯವು ಉಳಿಯುವದು ಕಠಿಣ.

'ಜಗ್ ಚಂಗಾ'ದಲ್ಲಿ ಧ್ವನಿಮುದ್ರಣವು ಮೊದಲಿನದಕ್ಕಿಂತ ಸ್ವಚ್ಛವಾಗಿದೆ. ವಾದ್ಯಗಳ ಹೊಂದಿಕೆಯಲ್ಲಿ ಅನುಭವಿಗಳ ಕೈ ಕಾಣುತ್ತದೆ. ದೀಕ್ಷಿತರ ದನಿಯೂ ಪಳಗಿದೆ. ಹಿಂದೆ ಒದರುತ್ತಿದ್ದಲ್ಲಿ ಈಗ ತೆರೆದು ಹಾಡುತ್ತಾರೆ. ಗಡಸು ಗಿಟಾರು ಹಿಂದೆ ಸರಿದು, ಜನಪದದ ಲಯವೂ ಚಪ್ಪಾಳೆಗೆ ಒದಗುವ ತಾಳವೂ ಮುಂದೆ ಬಂದಿವೆ. ಒಟ್ಟಿನ ಮೇಲೆ ಸಂತೋಷದ ಸಂಗೀತ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಾಕಿದರೆ ಯಾರೂ ಎದ್ದು ಹೋಗಲಾರರು.

ಈ ಸಂತೋಷದ ನಡುವೆ ಶರೀಫರ ಲೋಕದ ಕಾಳಜಿಯ ಪದವಿದೆ. ಲೋಕದ ಚಿಂತೆಯನ್ನು ಹೊತ್ತವನಂತೆ ನಟಿಸುವವನನ್ನು ಹಾಸ್ಯ ಮಾಡುವ ಪದವದು. ಮೇಲೆ ಮಾಳಿಗೆ ಕಟ್ಟಬೇಕು, ಅಂಬಾರಿ ಏರಬೇಕು ಎನ್ನುವವನಿಗೆ ಮಣ್ಣಿಗೆ ಇಳಿಯುವದು ಮರೆತಿದೆಯೆಂದು ಅದರ ತಾತ್ಪರ್ಯ. ನೋಡಿರಿ, ಇಲ್ಲಿಯೂ ಮಾಳಿಗೆಯ ಮಾತೇ ಬಂದಿತು. ಒಂದು ಪದದಲ್ಲಿ ಇದ್ದ ಮಾಳಿಗೆ ಸೋರುತ್ತಿದೆ, ಇನ್ನೊಂದರಲ್ಲಿ ಹೊಸ ಮಾಳಿಗೆಯನ್ನು ಕಟ್ಟುವ ಹಂಬಲ. ಒಬ್ಬನೇ ಗಾಯಕನು ಎರಡು ಆಲ್ಬಮ್ಮುಗಳಲ್ಲಿ ಈ ಎರಡನ್ನೂ ಹಾಡಿದ್ದರಿಂದ ಹೋಲಿಕೆಗೆ ಬೇರೆ ಸಾಧನವೇ ಬೇಡ. ಹಿಂದಿನ ಪದದಲ್ಲಿ ಪ್ರತಿ ನುಡಿಯೂ ಕಿವಿಯಲ್ಲಿ ಇಳಿಯುವ ತನಕ ಗಾಯಕನು ಕಾಯುತ್ತಿದ್ದನು. ಇಲ್ಲಿ ನುಡಿಯು ಪಲ್ಲವಿಗೆ ಮರಳುವ ಮೆಟ್ಟಲು ಮಾತ್ರವಾಗಿದೆ. ಮಣ್ಣಿಗೆ ಇಳಿಯುವ ಮಾತು ಬಂದಾಗಲೂ ಕುಣಿತದ ಬಿರುಸು ಒಂದೆಳೆ ತಗ್ಗುವದಿಲ್ಲ.

ಆದರೆ ಕುಣಿತವೇ ತಪ್ಪೆಂದು ಯಾರೂ ತಿಳಿಯಬಾರದು. ಶರೀಫರು ಮೊಹರಮ್ಮಿಗೆ ರಿವಾಯತ ಪದಗಳನ್ನು ಕಟ್ಟಿದವರು. ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ, ಸಾವಿನ ಕಥೆಯನ್ನು ಹಾಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟು. ಕಾಲು ಕುಣಿಯುತ್ತಿರುವಾಗ ಮನಸ್ಸು ಅಳಬಲ್ಲದು. ಹೀಗಿರಲು ದೋಷವು ಹೆಜ್ಜೆಯಲ್ಲಿಲ್ಲ. ಅಂಕಿತವನ್ನು ಹಾಡಿದ ರೀತಿಯಲ್ಲಿದೆ. ತತ್ವಪದವು ಬಹಳ ಮಟ್ಟಿಗೆ ಪರರನ್ನು ಬೈಯುತ್ತ ಹೋಗಿ, ಅಂಕಿತಕ್ಕೆ ಬಂದಾಗ ಪದಕಾರನ ಕಡೆಗೇ ತಿರುಗಿ ನಿಲ್ಲುವದು. ಅದು ವರೆಗೆ ನಕ್ಕವನ ನಗೆ ಅಲ್ಲಿ ನಿಲ್ಲಬೇಕು. ನಮ್ಮ ಕಡೆಯ ಭಜನೆಯಲ್ಲಿ ಅಂಕಿತ ಬಂದಾಗ ಮುಂದಾಳು ದನಿಯನ್ನು ತಗ್ಗಿಸಿ, ತಾಳದವನನ್ನು ಕಣ್ಣಿನಿಂದಲೇ ಸುಮ್ಮನಿರಿಸುವದುಂಟು. 'ಜಗ್ ಚಂಗಾ'ದ ಪದದಲ್ಲಿ ಶಿಶುನಾಳಾಧೀಶನ ಹೆಸರು ಬಂದಾಗ ಆ ತಿರುವು ಆಗುವದಿಲ್ಲ. ಜನರನ್ನು ಮತ್ತೊಮ್ಮೆ ಪಲ್ಲವಿಗೆ ಎಬ್ಬಿಸುವ ಆತುರವೇ ಮುಂದಾಗಿದೆ. ಹೀಗಾಗಿ ಇತರರ ಡಾಂಭಿಕತೆಯನ್ನು ನೋಡಿ ನಗುವ ಪದವಾಗಿ ಅದು ಉಳಿಯುತ್ತದೆ. ಹಾಡುವವನೂ ಕೇಳುವವನೂ ಆ ಡಾಂಭಿಕರೊಳಗಿನವರೆಂಬದು ಮರೆಯಾಗುತ್ತದೆ.

ದೀಕ್ಷಿತರ ತಮ್ಮ ವಾಸು ದೀಕ್ಷಿತರು ಮುಂದಾಳಾಗಿದ್ದ 'ಸ್ವರಾತ್ಮ' ತಂಡವೂ ಇದೇ ಕಾಲದಲ್ಲಿ ದಿಕ್ಕನ್ನು ಬದಲಿಸಿತು. 2009ರ ಮೊದಲನೆಯ ಆಲ್ಬಮ್ಮಿಗೆ ತಂಡದ ಹೆಸರನ್ನೇ ಇಟ್ಟಿದ್ದ ಅವರು, 2012ರ 'ಟೋಪಿವಾಲೆ'ಯಲ್ಲಿ ರಾಜಕೀಯದ ವಿಡಂಬನೆಗೆ ಹೆಚ್ಚು ಒತ್ತುಕೊಟ್ಟರು. ಅಲ್ಲಿ ಮಾತು ಮೊನಚಾಯಿತು, ಇಲ್ಲಿ ಮೊಂಡಾಯಿತು. ಅವರು ಮಾತನ್ನು ತಾವೇ ಹೊಸದಾಗಿ ಕಟ್ಟಿಕೊಂಡದ್ದರಿಂದ ಅದಕ್ಕೆ ತಕ್ಕ ಸಂಗೀತವನ್ನು ಒದಗಿಸುವದು ಸುಲಭವಾಯಿತೆಂದು ತೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಪದವನ್ನು ಹೊತ್ತವನ ಹೊಣೆ ಬೇರೆ.

ಈ ಹೊಣೆಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿಷ್ಟೆ. ಶರೀಫರಿಗಾದರೂ ಅಶ್ವತ್ಥರಿದ್ದರು, ಚಲಚ್ಚಿತ್ರವಿದ್ದಿತು, ಈಗ ರಾಕ್ ತಂಡಗಳಿವೆ. ಕಡಕೋಳದ ಮಡಿವಾಳಪ್ಪನವರಿಗೆ, ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರಿಗೆ, ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರರಿಗೆ, ಕೊಡೇಕಲ್ಲ ಬಸವಣ್ಣನವರಿಗೆ ಅಂಥ ಭಾಗ್ಯವು ಅಷ್ಟಾಗಿ ಒದಗಿಲ್ಲ. ಅವರ ವಚನ ಪದಗಳನ್ನು ಬಾಯಲ್ಲಿಟ್ಟುಕೊಂಡ ಭಜನೆಯ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಾಳೆ ಗಿಟಾರು ಹಿಡಿದ ನಮ್ಮ ಹುಡುಗನೊಬ್ಬನು ಮಡಿವಾಳಪ್ಪನವರ ಪದವನ್ನು ಎತ್ತಿಕೊಂಡರೆ ಅವನ ಮುಂದೆ ಮಾದರಿಯಾಗಿ ನಿಲ್ಲುವದು ಈ ಎರಡು ಆಲ್ಬಮ್ಮುಗಳಲ್ಲಿ ಯಾವದೋ ಒಂದು. ಹೆಚ್ಚು ಜನ ಕೇಳಿದ್ದು, ಹೆಚ್ಚು ಚಪ್ಪಾಳೆ ಪಡೆದದ್ದು ಮೊದಲು ಕಣ್ಣಿಗೆ ಬೀಳುವದು ಸ್ವಾಭಾವಿಕ. ನಮ್ಮನ್ನು ಕೇಳಿದರೆ ಗಿಟಾರನ್ನು ಬಿಡೆಂದು ನಾವು ಹೇಳುವದಿಲ್ಲ, ಏಕತಾರಿಯನ್ನು ತಾ ಎಂದೂ ಹೇಳುವದಿಲ್ಲ. 2008ರ ಮಾಳಿಗೆಯ ಪದವನ್ನು ನಾಲ್ಕು ಸಲ ಕೇಳು, ನುಡಿ ನುಡಿಗಳ ನಡುವೆ ಗಾಯಕನು ಎಷ್ಟು ಹೊತ್ತು ಸುಮ್ಮನಿದ್ದಾನೆಂಬದನ್ನು ಎಣಿಸು. ಆ ಮೇಲೆ ನಿಮ್ಮೂರ ಭಜನೆಗೆ ಹೋಗಿ, ಅಂಕಿತಕ್ಕೆ ಬಂದಾಗ ತಾಳದವನ ಕೈಯನ್ನು ನೋಡು ಎಂದು ಹೇಳುವೆವು.