ಒಪ್ಪಿಗೆಯ ನಗೆ: ‘ಬ್ರಾಡ್ ಸಿಟಿ’ಯ ಹಾಸ್ಯಮಾರ್ಗ

ಹಾಸ್ಯಗಾರನಿಗೆ ರಂಗವನ್ನು ಕೊಡುವವರು ಯಾರು ಎಂಬ ಪ್ರಶ್ನೆ ಬಹು ಹಳೆಯದು. ಅರಮನೆಯ ಆಶ್ರಯದಲ್ಲಿ ವಿದೂಷಕನಿದ್ದ ಕಾಲದಲ್ಲಿ ಅದಕ್ಕೆ ಉತ್ತರ ಸುಲಭವಾಗಿತ್ತು. ನಾಟಕ ಕಂಪನಿಗಳ ಕಾಲದಲ್ಲಿ ಟಿಕೆಟ್ಟು ಕೊಂಡು ಬಂದ ಜನವೇ ಉತ್ತರವಾಯಿತು. 2005ರಲ್ಲಿ ಯೂಟ್ಯೂಬ್ ಆರಂಭವಾದ ಮೇಲೆ ಮೂರನೆಯ ಉತ್ತರವೊಂದು ಹುಟ್ಟಿತು: ರಂಗವನ್ನು ಯಾರೂ ಕೊಡಬೇಕಾಗಿಲ್ಲ, ಕ್ಯಾಮೆರಾ ಒಂದಿದ್ದರೆ ಹಾಸ್ಯಗಾರನು ತಾನೇ ಅದನ್ನು ಕಟ್ಟಿಕೊಳ್ಳಬಲ್ಲನು. ಅಂತರಜಾಲದ ಕಿರುಚಿತ್ರಗಳಿಂದ ಟೆಲಿವಿಷನ್ನಿಗೆ ಏರಿದವರ ವೃತ್ತಾಂತಗಳನ್ನು ಈ ಉತ್ತರಕ್ಕೆ ಸಾಕ್ಷ್ಯವಾಗಿ ಹೇಳುವುದು ವಾಡಿಕೆಯಾಗಿದೆ. ನ್ಯೂಯಾರ್ಕಿನ ಆಬಿ ಜೇಕಬ್ಸನ್ ಮತ್ತು ಇಲಾನಾ ಗ್ಲೇಜರ್ ಎಂಬ ಇಬ್ಬರು ಗೆಳತಿಯರ ‘ಬ್ರಾಡ್ ಸಿಟಿ’ ಅಂತಹ ವೃತ್ತಾಂತಗಳಲ್ಲಿ ಪ್ರಸಿದ್ಧವಾದದ್ದು. ಆದರೆ ಕೃತಿಯನ್ನು ನಿಧಾನವಾಗಿ ಪರಿಶೀಲಿಸಿದರೆ, ಅದು ಆ ಸುಲಭದ ಉತ್ತರವನ್ನು ಸಮರ್ಥಿಸುವುದಕ್ಕಿಂತ ಹೆಚ್ಚಾಗಿ ಶಂಕಿಸುವಂತೆ ಮಾಡುತ್ತದೆ. ಅದರ ಗುಣವೂ ಅದರ ಏಳಿಗೆಯೂ ಕ್ಯಾಮೆರಾದಿಂದ ಬಂದವಲ್ಲ. ಕ್ಯಾಮೆರಾಕ್ಕೆ ಮೊದಲೇ ಕಲಿತ ಒಂದು ಶಿಸ್ತಿನಿಂದ, ಆ ಶಿಸ್ತನ್ನು ಕಲಿಸಿದ ಒಂದು ಕೂಟದಿಂದ ಬಂದವು.

ಮೊದಲೇ ಬರೆದ ಮಾತಿಲ್ಲದೆ, ನೋಡುಗರು ಕೊಟ್ಟ ಒಂದು ಸೂಚನೆಯನ್ನು ಹಿಡಿದು ದೃಶ್ಯವನ್ನು ಕಟ್ಟುವ ಆಶುನಾಟಕವನ್ನು ಅಮೆರಿಕದವರು ‘ಇಂಪ್ರೋವ್’ ಎನ್ನುತ್ತಾರೆ. ಅದರ ಮೂಲವನ್ನು ಅರಸಿ ಹೋದವನು ಚಿಕಾಗೊ ನಗರದ ವಲಸಿಗರ ಕೇರಿಗಳನ್ನು ಮುಟ್ಟಬೇಕಾಗುತ್ತದೆ. ವಯೋಲಾ ಸ್ಪೋಲಿನ್ ಎಂಬ ಶಿಕ್ಷಕಿ 1930ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ, ನಾನಾ ದೇಶಗಳಿಂದ ಬಂದ ಕುಟುಂಬಗಳ ಮಕ್ಕಳಿಗೆ ನಾಟಕವನ್ನು ಕಲಿಸಬೇಕಾಗಿತ್ತು. ಭಾಷೆಯೂ ಆಚಾರವೂ ಬೇರೆಬೇರೆಯಾದ ಆ ಮಕ್ಕಳನ್ನು ಒಂದುಗೂಡಿಸಲು ಆಕೆ ಉಪದೇಶವನ್ನು ಬಿಟ್ಟು ಆಟಗಳನ್ನು ರೂಪಿಸಿದರು. ಈ ರಂಗಕ್ರೀಡೆಗಳು 1963ರಲ್ಲಿ ಪುಸ್ತಕರೂಪವನ್ನೂ ಪಡೆದವು. ಆಕೆಯ ಮಗ ಪಾಲ್ ಸಿಲ್ಸ್ 1955ರಲ್ಲಿ ‘ಕಂಪಾಸ್ ಪ್ಲೇಯರ್ಸ್’ ತಂಡವನ್ನೂ 1959ರಲ್ಲಿ ‘ಸೆಕೆಂಡ್ ಸಿಟಿ’ಯನ್ನೂ ಕಟ್ಟಿದವರಲ್ಲೊಬ್ಬರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಮಕ್ಕಳು ಕೂಡಿ ಆಡಲೆಂದು ಹೂಡಿದ ಆಟ ಹೀಗೆ ವೃತ್ತಿರಂಗದ ಕಲೆಯಾಯಿತು. ಪರನಗರದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಈ ಹುಟ್ಟಿನ ಮರ್ಮ ಹೊಳೆಯದೆ ಇರದು.

ಇದೇ ಪರಂಪರೆಯಲ್ಲಿ ಡೆಲ್ ಕ್ಲೋಸ್ ಎಂಬ ಗುರುವಿನ ಬಳಿ ಕಲಿತವರು ‘ಅಪ್‌ರೈಟ್ ಸಿಟಿಜನ್ಸ್ ಬ್ರಿಗೇಡ್’ ತಂಡದವರು. 1990ರಲ್ಲಿ ಚಿಕಾಗೊದಲ್ಲಿ ಆರಂಭವಾದ ಈ ತಂಡ 1996ರಲ್ಲಿ ನ್ಯೂಯಾರ್ಕಿಗೆ ಬಂದು, 1999ರಲ್ಲಿ ಅಲ್ಲಿ ತನ್ನದೇ ರಂಗಮಂದಿರವನ್ನೂ ಪಾಠಶಾಲೆಯನ್ನೂ ತೆರೆಯಿತು. ಮುಂದೆ ಟೆಲಿವಿಷನ್ನಿನಲ್ಲಿ ಹೆಸರಾದ ಏಮಿ ಪೋಲರ್ ಅದರ ನಾಲ್ವರು ಪ್ರಮುಖರಲ್ಲಿ ಒಬ್ಬರು. ಈ ಶಾಸ್ತ್ರದ ಮೊದಲ ಸೂತ್ರ ಸರಳವಾದದ್ದು: ಎದುರಿನವನು ಏನು ಹೇಳಿದರೂ ‘ಹೌದು’ ಎನ್ನು, ಬಳಿಕ ಅದಕ್ಕೆ ನಿನ್ನದೊಂದನ್ನು ಸೇರಿಸು. ಒಬ್ಬನು ಬರಿಗೈಯನ್ನು ಚಾಚಿ ‘ಈ ಕೊಡೆ ಹಿಡಿ’ ಎಂದರೆ, ಕೊಡೆಯಿಲ್ಲವೆನ್ನುವುದು ಅಪರಾಧ; ಹಿಡಿದು ‘ಇದು ಸೋರುತ್ತದೆಯಲ್ಲ’ ಎನ್ನುವುದು ಕಲೆ. ನಿರಾಕರಣೆಯಿಂದ ದೃಶ್ಯ ಅಲ್ಲಿಯೇ ಸಾಯುತ್ತದೆ, ಒಪ್ಪಿಗೆಯಿಂದ ಬೆಳೆಯುತ್ತದೆ.

ಜೇಕಬ್ಸನ್ ಪೆನ್ಸಿಲ್ವೇನಿಯದವರು, ಬಾಲ್ಟಿಮೋರಿನ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಕಲಿತು ನ್ಯೂಯಾರ್ಕಿಗೆ ಬಂದವರು. ಗ್ಲೇಜರ್ ಸಮೀಪದ ಲಾಂಗ್ ಐಲೆಂಡಿನವರು. ಇಬ್ಬರೂ ಈ ಶಾಲೆಯ ವಿದ್ಯಾರ್ಥಿಗಳಾಗಿ, ಆಶುನಾಟಕದ ಒಂದು ಅಭ್ಯಾಸತಂಡದಲ್ಲಿ ಜೊತೆಯಾದರು. ಶಾಲೆಯ ಅಧಿಕೃತ ತಂಡಗಳಲ್ಲಿ ಮಾತ್ರ ಅವರಿಗೆ ಸ್ಥಾನ ದೊರೆಯಲಿಲ್ಲ. ದೊರೆಯದ ರಂಗಕ್ಕೆ ಬದಲಾಗಿ ಅವರು ತಾವೇ ಬರೆದು, ತಾವೇ ಅಭಿನಯಿಸಿ, 2009ರಿಂದ 2011ರವರೆಗೆ ಅಂತರಜಾಲದಲ್ಲಿ ಕೆಲವೇ ನಿಮಿಷಗಳ ಪ್ರಸಂಗಗಳನ್ನು ಪ್ರಕಟಿಸಿದರು. ನೋಡಿದವರ ಸಂಖ್ಯೆ ದೊಡ್ಡದಾಗಿರಲಿಲ್ಲ. ಶಾಲೆಯ ಪರಿಚಯದ ಮೂಲಕ ಏಮಿ ಪೋಲರ್ ಅವರನ್ನು ಕೇಳಿಕೊಂಡಾಗ ಅವರು ಕೊನೆಯ ಪ್ರಸಂಗದಲ್ಲಿ ಅಭಿನಯಿಸಿದರು; ಮುಂದೆ ಟೆಲಿವಿಷನ್ ಸರಣಿಗೆ ನಿರ್ಮಾಪಕಿಯಾಗಲು ಒಪ್ಪಿದರು. ಎಫ್‌ಎಕ್ಸ್ ವಾಹಿನಿ ಮೊದಲು ಆಸಕ್ತಿಯನ್ನು ತೋರಿ ಬಳಿಕ ಕೈಬಿಟ್ಟಿತು. ಕಾಮೆಡಿ ಸೆಂಟ್ರಲ್ ಎತ್ತಿಕೊಂಡಿತು. 2014ರ ಜನವರಿಯಿಂದ 2019ರ ಮಾರ್ಚಿಯವರೆಗೆ ಐದು ಋತುಗಳಲ್ಲಿ 50 ಕಂತುಗಳು ಪ್ರಸಾರವಾದವು.

ಕೃತಿಯ ವಸ್ತು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಇಬ್ಬರು ತರುಣಿಯರು, ಕೈಯಲ್ಲಿ ಕಾಸಿಲ್ಲ, ನಗರವೋ ದುಬಾರಿ. ಆಬಿ ವ್ಯಾಯಾಮಶಾಲೆಯೊಂದರಲ್ಲಿ ಕಸಗುಡಿಸುತ್ತ ತಾನು ಶಿಕ್ಷಕಿಯಾಗುವ ದಿನವನ್ನು ಕಾಯುತ್ತಾಳೆ. ಇಲಾನಾ ರಿಯಾಯಿತಿ ಚೀಟಿಗಳನ್ನು ಮಾರುವ ಕಚೇರಿಯೊಂದರಲ್ಲಿ ಕೆಲಸ ಮಾಡದೆಯೇ ಸಂಬಳ ಪಡೆಯುತ್ತಾಳೆ. ಆದರೆ ಇಂತಹ ಅಲ್ಪವಸ್ತುವಿನಲ್ಲಿ ಒಂದು ತತ್ತ್ವ ಹುದುಗಿದೆ. ಆಶುನಾಟಕದ ‘ಹೌದು’ ಇಲ್ಲಿ ಬರಿಯ ರಂಗಸೂತ್ರವಾಗಿ ಉಳಿಯದೆ ಪಾತ್ರಗಳ ಶೀಲವೇ ಆಗಿಬಿಟ್ಟಿದೆ. ಇಲಾನಾ ಬಂದದ್ದಕ್ಕೆಲ್ಲ ಹೌದೆನ್ನುವವಳು. ಆಬಿ ಅಳುಕುತ್ತ, ಹಿಂಜರಿಯುತ್ತ, ಕೊನೆಗೆ ಗೆಳತಿಯ ಮೇಲಿನ ವಿಶ್ವಾಸದಿಂದ ಹೌದೆನ್ನುವವಳು. ಕಥೆಯನ್ನು ಮುಂದೆ ತಳ್ಳುವುದು ಘಟನೆಯಲ್ಲ, ಈ ಎರಡು ಬಗೆಯ ಒಪ್ಪಿಗೆಗಳ ನಡುವಣ ಅಂತರ. ಭರತಮುನಿ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಭಾಗಿಸಿದನು: ತಾನೇ ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ‘ಬ್ರಾಡ್ ಸಿಟಿ’ಯಲ್ಲಿ ಇವೆರಡೂ ಒಂದೇ ಕ್ಷಣದಲ್ಲಿ ಕೂಡುತ್ತವೆ. ಒಬ್ಬಳು ನಗಿಸುತ್ತಾಳೆ, ಇನ್ನೊಬ್ಬಳು ಪಾತ್ರದೊಳಗೇ ನಿಂತು ನಗುತ್ತಾಳೆ. ಪ್ರೇಕ್ಷಕನು ಮೂರನೆಯವನಾಗಿ ಆ ಸ್ನೇಹದೊಳಕ್ಕೆ ಪ್ರವೇಶಿಸುತ್ತಾನೆ. ಅಲ್ಲಿ ಯಾರನ್ನೂ ಹಳಿದು ನಗೆ ಹುಟ್ಟಬೇಕಾಗಿಲ್ಲ.

ಆಶುಮಾತಿನ ಬೇರೊಂದು ಮಹಾಪರಂಪರೆಯನ್ನು ಬಲ್ಲ ಕನ್ನಡಿಗನಿಗೆ ಇಲ್ಲಿ ಒಂದು ವ್ಯತ್ಯಾಸ ಗೋಚರಿಸುತ್ತದೆ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ನಿಯತವಾದದ್ದು, ಅರ್ಥ ಸ್ವತಂತ್ರವಾದದ್ದು. ಆದರೆ ಅಲ್ಲಿನ ಜೀವಾಳ ಒಪ್ಪಿಗೆಯಲ್ಲ, ಖಂಡನೆ. ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿ ಎದುರಾಳಿಯ ಮಾತನ್ನು ಎತ್ತಿಕೊಂಡು, ತಿರುಗಿಸಿ, ಅದರಿಂದಲೇ ಅವನನ್ನು ಕಟ್ಟಿಹಾಕಿದಾಗ ಸಭೆ ತಲೆದೂಗುತ್ತಿತ್ತು. ಕಥೆಯ ಕೊನೆ ಎಲ್ಲರಿಗೂ ಗೊತ್ತಿರುವುದರಿಂದ ವಾದ ಎಷ್ಟೇ ಬಿರುಸಾದರೂ ದೃಶ್ಯ ಮುರಿಯುವ ಭಯವಿಲ್ಲ. ನ್ಯೂಯಾರ್ಕಿನ ರಂಗದಲ್ಲಿ ಪುರಾಣದ ಆಸರೆಯಿಲ್ಲ. ಕೊನೆ ಯಾರಿಗೂ ಗೊತ್ತಿಲ್ಲ. ನಟನಿಗೆ ಆಧಾರವಾಗಿರುವುದು ಜೊತೆಗಾರನ ಮಾತೊಂದೇ. ಆದುದರಿಂದಲೇ ಅಲ್ಲಿ ಒಪ್ಪುವುದು ಧರ್ಮವಾಯಿತು. ಎರಡರಲ್ಲಿಯೂ ಸಮಾನವಾದ ಗುಣವೊಂದುಂಟು: ಎದುರಿನವನನ್ನು ಪೂರ್ತಿಯಾಗಿ ಕೇಳದವನು ಎರಡು ಕಡೆಯೂ ಸೋಲುತ್ತಾನೆ.

ಈ ಕೇಳುವ ಗುಣವನ್ನು ಟೆಲಿವಿಷನ್ನಿನಲ್ಲಿ ಉಳಿಸಿಕೊಳ್ಳುವುದು ಸುಲಭವಲ್ಲ. ಅಂತರಜಾಲದ ಕಿರುಪ್ರಸಂಗದಲ್ಲಿ ಒಂದು ಸನ್ನಿವೇಶವನ್ನು ಕಟ್ಟಿ ಬಿಟ್ಟರೆ ಸಾಕು; ಸುಮಾರು 22 ನಿಮಿಷಗಳ ಕಂತಿಗೆ ಕಥಾಬಂಧ ಬೇಕು, ಮೊದಲೇ ಬರೆದ ಮಾತು ಬೇಕು. ಬರೆದ ಮಾತು ಆಗತಾನೆ ನಾಲಗೆಗೆ ಬಂದಂತೆ ತೋರಬೇಕಾದರೆ ಬರೆಯುವಾಗಲೇ ಕಿವಿ ಎಚ್ಚರವಾಗಿರಬೇಕು. ಗೆಳತಿಯರು ಇದಕ್ಕೆ ಕಂಡುಕೊಂಡ ಉಪಾಯ ಉಚಿತವಾದದ್ದು. ಹಲವು ಕಂತುಗಳಲ್ಲಿ ಇಬ್ಬರೂ ಬೆಳಗ್ಗೆ ಬೇರೆಬೇರೆಯಾಗಿ ನಗರದಲ್ಲಿ ಅಲೆಯುತ್ತಾರೆ. ಇಬ್ಬರ ಅವಾಂತರಗಳೂ ಒಂದನ್ನೊಂದು ಅರಿಯದೆ ಬೆಳೆದು ಸಂಜೆಗೆ ಒಂದೆಡೆ ಸೇರುತ್ತವೆ. ಒಂದೇ ಸೂಚನೆಯಿಂದ ಹಲವು ದೃಶ್ಯಗಳನ್ನು ಹರಡಿ, ಕೊನೆಗೆ ಅವನ್ನು ಹೆಣೆಯುವ ‘ಹೆರಾಲ್ಡ್’ ಎಂಬ ಆಶುನಾಟಕಬಂಧವನ್ನು ಬಲ್ಲವರಿಗೆ ಇದರ ಮೂಲ ತಿಳಿಯುತ್ತದೆ. ಶಾಲೆ ಅವರಿಗೆ ತಂಡದಲ್ಲಿ ಸ್ಥಾನವನ್ನು ಕೊಡಲಿಲ್ಲ; ಆದರೆ ಬಂಧವನ್ನು ಕೊಟ್ಟಿತ್ತು.

ಇಷ್ಟಾದರೂ ಒಂದು ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಆ ರಂಗಮಂದಿರದಲ್ಲಿ ಆಡುವವರಿಗೆ ಸಂಭಾವನೆ ಕೊಡುವ ಪದ್ಧತಿಯಿರಲಿಲ್ಲ. 2013ರಲ್ಲಿ ಇದರ ಬಗ್ಗೆ ಬಹಿರಂಗವಾಗಿಯೇ ಚರ್ಚೆಯಾಯಿತು. ರಂಗವು ಕಲಿಯುವುದಕ್ಕೂ ಗುರುತಿಸಿಕೊಳ್ಳುವುದಕ್ಕೂ ಇರುವ ಸ್ಥಳವೆಂಬುದು ಸ್ಥಾಪಕರ ಕಡೆಯ ವಾದ. ಅಂತರಜಾಲದ ಪ್ರಸಂಗಗಳೂ ಕೂಲಿಯಿಲ್ಲದ ದುಡಿಮೆಯೇ. ವರ್ಷಗಟ್ಟಲೆ ಹಾಗೆ ದುಡಿಯಬಲ್ಲವರು ಯಾರು? ಹಗಲು ನೌಕರಿ ಮಾಡಿ ರಾತ್ರಿ ಆಡಲು ಯಾರ ದೇಹಕ್ಕೆ ತ್ರಾಣವಿದೆ, ಯಾರ ಮನೆಯಿಂದ ಹಣ ಬರುತ್ತದೆ? ‘ಯಾರು ಬೇಕಾದರೂ ಏರಬಹುದು’ ಎನ್ನುವ ಏಣಿಯ ಮೊದಲ ಮೆಟ್ಟಿಲೇ ಹಲವರಿಗೆ ಎಟುಕದಷ್ಟು ಎತ್ತರದಲ್ಲಿದೆ. ಏಮಿ ಪೋಲರ್ ಅವರ ಬೆಂಬಲ ಗೆಳತಿಯರ ಪ್ರತಿಭೆಯನ್ನು ಕಡಿಮೆ ಮಾಡುವುದಿಲ್ಲ, ನಿಜ. ಆದರೆ ಪ್ರತಿಭೆಯೊಂದೇ ಸಾಕಾಯಿತೆಂಬ ಕಥೆಯನ್ನು ಸುಳ್ಳಾಗಿಸುತ್ತದೆ. 2011ರಲ್ಲಿ ಇದೇ ಅಂತರಜಾಲದಲ್ಲಿ ‘ಆಕ್ವರ್ಡ್ ಬ್ಲ್ಯಾಕ್ ಗರ್ಲ್’ ಸರಣಿಯನ್ನು ತೊಡಗಿದ ಇಸಾ ರೇ ಅವರು ಬೇರೊಂದು ದಾರಿಯನ್ನು ಹಿಡಿದರು. ಸರಣಿಯನ್ನು ಮುಂದುವರಿಸಲು ನೋಡುಗರಿಂದಲೇ ಚಂದಾ ಎತ್ತಿದರು. ಎಚ್‌ಬಿಒ ವಾಹಿನಿಯಲ್ಲಿ ಅವರ ‘ಇನ್‌ಸೆಕ್ಯೂರ್’ ಬಂದದ್ದು 2016ರಲ್ಲಿ. ಒಬ್ಬರಿಗೆ ಗುರುಕುಲ, ಇನ್ನೊಬ್ಬರಿಗೆ ಸಮುದಾಯ. ಒಂಟಿಯಾಗಿ ಏರಿದವರು ಇಲ್ಲಿ ಯಾರೂ ಇಲ್ಲ.

‘ಬ್ರಾಡ್ ಸಿಟಿ’ಯ ಹಿರಿಮೆಯೆಂದರೆ ಅದು ಈ ಸತ್ಯವನ್ನು ಮರೆಮಾಚಲಿಲ್ಲ. ಟೆಲಿವಿಷನ್ನಿನ ಮೊದಲ ಕಂತಿನಲ್ಲಿ ಸಂಗೀತಗೋಷ್ಠಿಯೊಂದರ ಟಿಕೆಟ್ಟಿಗೆ ಹಣ ಹೊಂದಿಸಲು ಗೆಳತಿಯರು ಬಕೆಟ್ಟುಗಳನ್ನು ಬಡಿದು ಬೀದಿಯಲ್ಲಿ ಕಾಸೆತ್ತಲು ಯತ್ನಿಸುತ್ತಾರೆ. ಬಳಿಕ ಅಪರಿಚಿತನೊಬ್ಬನ ಮನೆಯನ್ನು, ಅವನ ವಿಚಿತ್ರವಾದ ಷರತ್ತಿಗೆ ಒಪ್ಪಿ, ಶುಚಿಗೊಳಿಸುತ್ತಾರೆ. ಕೂಲಿ ಕೇಳಿದಾಗ ಆ ದೊಡ್ಡ ಮನುಷ್ಯ ತಾನಿನ್ನೂ ಹಸುಗೂಸು, ಹಣ ಎಲ್ಲಿಂದ ತರಲಿ ಎನ್ನುತ್ತಾನೆ. ನೋಡುಗನು ಹೊಟ್ಟೆ ಹಿಡಿದು ನಗುತ್ತಾನೆ. ನಗೆಯ ತಳದಲ್ಲಿ ದುಡಿದು ಬರಿಗೈಯಲ್ಲಿ ಹಿಂದಿರುಗಿದವರ ಅನುಭವವಿದೆ. ಎಲ್ಲದಕ್ಕೂ ‘ಹೌದು’ ಎನ್ನುವ ತರುಣರ ಉತ್ಸಾಹವನ್ನು ನಗರ ಹೇಗೆ ಬಿಟ್ಟಿಯಾಗಿ ಬಳಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ರೂಪಕ ಸಿಗುವುದು ಕಷ್ಟ.

ಕೃತಿಯ ದೋಷವೂ ಇದೇ ಗುಣದ ಮಗ್ಗುಲಲ್ಲಿದೆ. ಒಪ್ಪಿಗೆ ವಿವೇಚನೆಯನ್ನು ಕಳೆದುಕೊಂಡರೆ ಆರಾಧನೆಯಾಗುತ್ತದೆ. 2016ರಲ್ಲಿ ಪ್ರಸಾರವಾದ ಮೂರನೆಯ ಋತುವಿನ ಒಂದು ಕಂತಿನಲ್ಲಿ ಇಲಾನಾ ಹಿಲರಿ ಕ್ಲಿಂಟನ್ ಅವರ ಚುನಾವಣಾ ಕಚೇರಿಗೆ ಸೇರುತ್ತಾಳೆ. ಕ್ಲಿಂಟನ್ನರೇ ಸ್ವತಃ ಬಂದು ಹೋಗುತ್ತಾರೆ. ಅವರು ಬಂದೊಡನೆ ಪಾತ್ರಗಳು ಬೆರಗಾಗಿ ನಿಲ್ಲುತ್ತವೆ. ಅವರೊಡನೆ ಹಾಸ್ಯವೂ ಕೈಕಟ್ಟಿ ನಿಲ್ಲುತ್ತದೆ. ಅಧಿಕಾರದ ಎದುರಿನಲ್ಲಿ ಒಂದು ‘ಇಲ್ಲ’ವೂ ಬೇಕೆಂಬುದನ್ನು ಖಂಡನೆಯ ಪರಂಪರೆಯಿಂದ ಬಂದ ಸಹೃದಯನು ಇಲ್ಲಿ ನೆನೆಯದಿರಲಾರನು.

2020ರಲ್ಲಿ, ಸಾಂಕ್ರಾಮಿಕದ ದಿನಗಳಲ್ಲಿ, ಅಪ್‌ರೈಟ್ ಸಿಟಿಜನ್ಸ್ ಬ್ರಿಗೇಡ್ ನ್ಯೂಯಾರ್ಕಿನ ತನ್ನ ಕಾಯಂ ನೆಲೆಗಳನ್ನು ಮುಚ್ಚಿತು. ಮುಂದೆ ಒಡೆತನ ಬದಲಾಗಿ 2024ರಲ್ಲಿ ಅಲ್ಲಿ ಮತ್ತೆ ರಂಗಮಂದಿರ ತೆರೆಯಿತು. ನಡುವಣ ವರ್ಷಗಳಲ್ಲಿ ಕಲಿಯಬೇಕಾಗಿದ್ದವರಿಗೆ ಕ್ಯಾಮೆರಾ ಕೈಯಲ್ಲಿಯೇ ಇತ್ತು. ಎದುರಿಗೆ ನಿಂತು ‘ಹೌದು’ ಎನ್ನುವವರ ಕೂಟ ಇರಲಿಲ್ಲ. ಎರಡನೆಯದಿಲ್ಲದೆ ಮೊದಲನೆಯದರಿಂದ ಎಷ್ಟು ದೂರ ಹೋಗಬಹುದೆಂಬುದೇ ಈ ಮಾರ್ಗವನ್ನು ಕುರಿತು ಕೇಳಬೇಕಾದ ಪ್ರಶ್ನೆ.

ಸರಣಿಯ ಅಂತ್ಯ ಆ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರಿಸುತ್ತದೆ. ಆಬಿ ಚಿತ್ರಕಲೆಯನ್ನು ಅರಸಿ ಕೊಲರಾಡೊ ರಾಜ್ಯಕ್ಕೆ ಹೊರಟುಹೋಗುತ್ತಾಳೆ, ಇಲಾನಾ ಉಳಿಯುತ್ತಾಳೆ. ಕೊನೆಯಲ್ಲಿ ಇಲಾನಾ ಫೋನಿನಲ್ಲಿ ಗೆಳತಿಯೊಡನೆ ಮಾತಾಡುತ್ತ ನಡೆದಿರಲು, ಕ್ಯಾಮೆರಾ ಅವಳನ್ನು ಬಿಟ್ಟು ಆ ದಾರಿಯಲ್ಲಿ ಹೋಗುವ ಬೇರೆ ಬೇರೆ ಗೆಳೆಯರ ಜೋಡಿಗಳ ಮಾತನ್ನು ಆಲಿಸತೊಡಗುತ್ತದೆ. ಐದು ಋತುಗಳ ಕಾಲ ತಮ್ಮ ಮುಖವನ್ನೇ ತೋರಿಸಿದ ಹಾಸ್ಯಗಾರ್ತಿಯರು ಕೊನೆಗೆ ರಂಗವನ್ನು ಹೆಸರಿಲ್ಲದವರಿಗೆ ಬಿಟ್ಟುಕೊಡುತ್ತಾರೆ. ಪಡೆದ ರಂಗವನ್ನು ಹೀಗೆ ದಾಟಿಸುವುದೇ ಆ ಶಾಲೆ ಕಲಿಸಿದ ‘ಹೌದು’ವಿನ ಪೂರ್ಣವಾದ ಅರ್ಥ.